‘ಮಹಾನಗರ’ದ ತಾಯಿ

ನರೇಂದ್ರನಾಥ ಮಿತ್ರರ ‘ಅವತರಣಿಕಾ’ ಎಂಬ ವಂಗಕಥೆಯನ್ನು ಆಧರಿಸಿ ಸತ್ಯಜಿತ್ ರಾಯರು 1963ರಲ್ಲಿ ನಿರ್ಮಿಸಿದ ‘ಮಹಾನಗರ’ವು ಸ್ತ್ರೀಸ್ವಾತಂತ್ರ್ಯದ ಚಿತ್ರವೆಂದು ಬಹುವಾಗಿ ಪ್ರಶಂಸಿತವಾಗಿದೆ. ಪ್ರಶಂಸೆಯು ಯುಕ್ತವೇ. ಆದರೆ ಅದರ ಸೂಕ್ಷ್ಮವಾದ ಅಂಶವು ಒಂದು ಮಗುವಿನ ಜ್ವರದಲ್ಲಿ ಅಡಗಿದೆ.

ಕಲ್ಕತ್ತೆಯಲ್ಲಿ ಬ್ಯಾಂಕಿನ ನೌಕರನಾದ ಸುಬ್ರತನ ವೇತನವು ತಂದೆತಾಯಿ, ತಂಗಿ, ಹೆಂಡತಿ, ಮಗು ಇರುವ ಸಂಸಾರಕ್ಕೆ ಸಾಲದು. ಪತ್ನಿಯಾದ ಆರತಿಯು ಮನೆಮನೆಗೆ ಹೋಗಿ ಹೆಣಿಗೆಯ ಯಂತ್ರವನ್ನು ಮಾರುವ ಕೆಲಸಕ್ಕೆ ಸೇರುವಳು. ಮಾವ ಪ್ರಿಯಗೋಪಾಲರು ನಿವೃತ್ತ ಉಪಾಧ್ಯಾಯರು. ಸೊಸೆಯ ಹಣವನ್ನು ಮುಟ್ಟಲೊಲ್ಲರು. ಹಳೆಯ ಶಿಷ್ಯನ ಬಳಿಗೆ ಹೋಗಿ ಕನ್ನಡಕವನ್ನು ಯಾಚಿಸಲು ಹಿಂಜರಿಯರು. (ಉಪಾಧ್ಯಾಯವರ್ಗದವರು ಈ ದೃಶ್ಯವನ್ನು ತಲೆಯೆತ್ತಿ ನೋಡುವುದು ಕಷ್ಟ.) ಇಷ್ಟರಲ್ಲಿ ಪಿಂಟುವಿಗೆ ಜ್ವರ ಬರುತ್ತದೆ. ಮಾವನ ಮುನಿಸು, ಮಗುವಿನ ಕಾಯಿಲೆ ಇವೆರಡನ್ನೂ ಕಂಡು, ಕೆಲಸವನ್ನು ಬಿಡೆಂದು ಸುಬ್ರತನು ಹೇಳುವನು. ಆಕೆಯು ರಾಜೀನಾಮೆಯನ್ನು ಕೊಡಬೇಕಾದ ದಿನವೇ ಬ್ಯಾಂಕು ಮುಚ್ಚಿಹೋಗುತ್ತದೆ. ಒಡನೆಯೇ ದೂರವಾಣಿಯಲ್ಲಿ ಬೇರೆ ಮಾತು: ಬಿಡಬೇಡ!

ಮಗುವು ಅದೇ, ಮನೆಯೂ ಅದೇ. ನಿನ್ನೆ ತಾಯಿಯು ಮನೆಯಲ್ಲಿರಬೇಕೆಂಬುದಕ್ಕೆ ಪ್ರಮಾಣವಾಗಿದ್ದ ಮಗುವು ಇಂದು ಯಾರ ವಾದದಲ್ಲಿಯೂ ಇಲ್ಲ. ಹಾಗಾದರೆ ಸಂಕಟವು ಮಗುವಿನದಾಗಿರಲಿಲ್ಲ, ಯಜಮಾನಿಕೆಯದಾಗಿತ್ತು. ಇದನ್ನು ರಾಯರು ಒಂದು ಉಪದೇಶದ ಮಾತೂ ಇಲ್ಲದೆ ತೋರಿಸಿರುವರು. ಸ್ತ್ರೀಯು ಶಿಲ್ಪದಿಂದ ಗಳಿಸಿದ ಧನದಲ್ಲಿ ಪತಿಗೇ ಸ್ವಾಮ್ಯವೆಂದು ಕಾತ್ಯಾಯನನು ವಿಧಿಸಿದ್ದನು. ಸುಬ್ರತನು ಆ ಸ್ಮೃತಿಯನ್ನು ಓದಿದವನಲ್ಲ. ಆದರೂ ಹೆಂಡತಿಯ ಕೈಚೀಲದಲ್ಲಿ ತುಟಿಬಣ್ಣವನ್ನು ಕಂಡಾಗ ಅವನ ಮುಖದಲ್ಲಿ ಕಾಣುವುದು ಆ ಸ್ವಾಮ್ಯವು ಕೈಜಾರಿದ ಕಳವಳವೇ. ಆರತಿಯ ಪಾತ್ರದಲ್ಲಿ ಮಾಧವೀ ಮುಖರ್ಜಿಯವರ ಸಂಯಮವು ಶ್ಲಾಘ್ಯವಾದುದು. ಮೊದಲ ಸಂಬಳದ ನೋಟುಗಳನ್ನು ಹಿಡಿದು ಕನ್ನಡಿಯ ಮುಂದೆ ನಿಂತಾಗ ಆ ಕಣ್ಣುಗಳೇ ಎಲ್ಲವನ್ನೂ ಹೇಳುವುವು.

ಒಂದು ಆಕ್ಷೇಪವನ್ನು ಮಾತ್ರ ಹೇಳದಿರಲಾಗದು. ಆರತಿಯು ಹೊರಗೆ ದುಡಿಯುವಾಗ ಒಲೆಯನ್ನೂ ಮಗುವನ್ನೂ ನೋಡಿಕೊಳ್ಳುವವಳು ವೃದ್ಧೆಯಾದ ಅತ್ತೆ. ಆ ಕೈಗಳಿಲ್ಲದೆ ಈ ಉದ್ಯೋಗವು ಒಂದು ವಾರವೂ ನಡೆಯದು. ಮಾವನ ಅಭಿಮಾನಕ್ಕೆ ಹೇರಳವಾಗಿ ಅವಕಾಶವನ್ನು ಕೊಟ್ಟ ಚಿತ್ರವು ಅತ್ತೆಯ ದಣಿವಿಗೆ ಅದರ ಕಾಲುಭಾಗವನ್ನೂ ಕೊಟ್ಟಿಲ್ಲ. ಉತ್ತರಾರ್ಧದಲ್ಲಿ ಮಗುವೂ ಹಿನ್ನೆಲೆಗೆ ಸರಿಯುತ್ತದೆ. ಸಹೋದ್ಯೋಗಿನಿಯಾದ ಎಡಿತ್‌ಳಿಗೆ ಆದ ಅನ್ಯಾಯವನ್ನು ಪ್ರತಿಭಟಿಸಿ ಆರತಿಯು ಕೆಲಸವನ್ನು ತ್ಯಜಿಸುವುದು ಉದಾತ್ತವಾಗಿದೆ. ಇಷ್ಟು ದೊಡ್ಡ ನಗರದಲ್ಲಿ ಇಬ್ಬರಿಗೂ ಕೆಲಸ ದೊರೆತೀತೆಂಬ ಭರವಸೆಯೊಡನೆ ದಂಪತಿಗಳು ಜನಸಂದಣಿಯಲ್ಲಿ ಬೆರೆಯುವರು. ಹಾಗೆ ದೊರೆತ ಮೇಲೆ ಪಿಂಟುವಿಗೆ ಮತ್ತೆ ಜ್ವರ ಬಂದರೆ ಹಾಸಿಗೆಯ ಬಳಿ ಕೂರುವವರು ಯಾರೆಂದು ಚಿತ್ರವು ಕೇಳುವುದಿಲ್ಲ.