15,683 ಸಾಲುಗಳಾಚೆಯ ಸಿರಿ

ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ತುಳು ಸಿರಿ ಮಹಾಕಾವ್ಯದಲ್ಲಿ 15,683 ಸಾಲುಗಳಿವೆ. ಫಿನ್ಲೆಂಡಿನ ಲೌರಿ ಹೊಂಕೊ, ಅನೆಲಿ ಹೊಂಕೊ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಸೇರಿ ದಾಖಲಿಸಿದ ಈ ಕಾವ್ಯ 1998ರಲ್ಲಿ ಎರಡು ಸಂಪುಟಗಳಾಗಿ ಬಂತು. ಹಾಡಿದವರ ಹೆಸರು ಶೀರ್ಷಿಕೆಯಲ್ಲೇ ಇದೆ. ಜನಪದ ಕಾವ್ಯಕ್ಕೆ ಕರ್ತೃವಿಲ್ಲ ಎಂದು ಕೈತೊಳೆದುಕೊಳ್ಳುವ ರೂಢಿಗೆ ಇದು ಒಳ್ಳೆಯ ಉತ್ತರ.

ಆದರೆ ನಾಯ್ಕರು ಹಾಡುಗಾರರಷ್ಟೇ ಅಲ್ಲ, ಸಿರಿ ಬಳಗದ ಮುಂದಾಳೂ ಆಗಿದ್ದರು. ಆ ಕೆಲಸ ಸಾಲುಗಳ ಎಣಿಕೆಗೆ ಸಿಗುವುದಿಲ್ಲ. ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ದಾರಿಯ ಹಿರಿಯಡಕದಲ್ಲಿ ಸಿರಿಜಾತ್ರೆಯ ರಾತ್ರಿ ಹೆಂಗಸರು ಹಿಂಗಾರ ಹಿಡಿದು ಆವೇಶಗೊಳ್ಳುತ್ತಾರೆ. ಸಿರಿಯ ಮಗ ಕುಮಾರನಾಗಿ ನಿಂತವನು ಕೇಳುತ್ತಾನೆ: ನೀನು ಯಾರು? ಸಿರಿಯೋ, ಸೊನ್ನೆಯೋ, ಗಿಂಡೆಯೋ, ಅಬ್ಬಗೆಯೋ, ದಾರಗೆಯೋ? ಕಾವ್ಯದ ಸಿರಿ, ವೇಶ್ಯೆ ಸಿದ್ದು ಮೊದಲು ಉಟ್ಟ ಬಯಕೆಯ ಸೀರೆಯನ್ನು ಒಲ್ಲೆ ಎಂದವಳು. ಕೊನೆಗೆ ಗಂಡ ಕಾಂತು ಪೂಂಜನನ್ನೇ ಬಿಟ್ಟವಳು. ಮನೆಯಲ್ಲಿ ಬಾಯಿಬಿಡಲಾಗದ ಹೆಂಗಸಿಗೆ ಈ ಕತೆ ನಾಲಗೆ ಕೊಡುತ್ತದೆ.

ವೈದ್ಯರು ಇದನ್ನು ಕಾಯಿಲೆಯ ಲಕ್ಷಣವೆಂದೂ ಸಾಹಿತ್ಯದವರಾದ ನಾವು ಪಠ್ಯವೆಂದೂ ಹಂಚಿಕೊಂಡರೆ, ನಡುವೆ ಆಕೆಯೇ ಕಾಣೆಯಾಗುತ್ತಾಳೆ. ಆರೋಗ್ಯ, ಸಂಸ್ಕೃತಿ, ತಂತ್ರಜ್ಞಾನಗಳನ್ನು ಕೂಡಿಸುವ ಸಂಶೋಧನೆಯ ಮಾತು ಈಗ ಎಲ್ಲೆಡೆ ಕೇಳುತ್ತದೆ. ಕ್ಯಾಮೆರಾ ಜಾತ್ರೆಯ ರಾತ್ರಿಯನ್ನು ಹಿಡಿದೀತು. ಮರುದಿನ ಮನೆಯವರು ಅವಳ ಮಾತಿಗೆ ಕಿವಿಗೊಟ್ಟರೇ ಎಂದು ತಿಳಿಯಲು, ಅವಳ ಒಪ್ಪಿಗೆ ಪಡೆದು ಅಂಗಳಕ್ಕೆ ಹೋಗಿ ಕೂರಬೇಕು. ಸಿರಿಯ ಮುಂದಿನ ಓದು ಅಲ್ಲಿಂದ ಶುರುವಾಗಬೇಕು.