ಬಿಚ್ಚದ ಪೆಟ್ಟಿಗೆಯ ಕಥೆಗಳು

ದಾನಕ್ಕೆ ಬಂದ ಹಳೆಯ ಸಾಮಾನಿನ ನಡುವೆ ಅಪರೂಪದ ವಿಡಿಯೋ ಗೇಮ್ ಸಿಕ್ಕಿತು, ಸಾವಿರಾರು ಡಾಲರ್‌ಗೆ ಹೋಯಿತು ಎಂಬ ಸುದ್ದಿ ಅಮೆರಿಕದಿಂದ ಆಗಾಗ ಬರುತ್ತಿರುತ್ತದೆ. ಕೆಲವು ವರ್ಷಗಳಿಂದ ನಾನು ಇಂಥವನ್ನು ಒಂದು ಕಥಾಪ್ರಕಾರವೆಂದೇ ಓದುತ್ತ ಬಂದಿದ್ದೇನೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ನಿಧಿಕಥೆಗಳಿಗೆ ಇವು ಹತ್ತಿರದ ನೆಂಟರು. ಅಲ್ಲಿ ಹೊಲದ ಬದುವಿನಲ್ಲಿ ಹೂತ ಕೊಪ್ಪರಿಗೆ, ಇಲ್ಲಿ ರಟ್ಟಿನ ಪೆಟ್ಟಿಗೆ. ಅಲ್ಲಿ ಅಂಜನ ಹಾಕಿದವನಿಗೆ ಮಾತ್ರ ಹೊನ್ನು ಕಾಣುತ್ತದೆ, ಇಲ್ಲಿ ಮಾರುಕಟ್ಟೆಯ ದರ ಬಲ್ಲವನಿಗೆ ಮಾತ್ರ ಆ ಪ್ಲಾಸ್ಟಿಕ್ ತುಂಡಿನ ಬೆಲೆ ಕಾಣುತ್ತದೆ. ಎರಡರಲ್ಲೂ ನಿಧಿ ಯಾರಿಗೆ ಸಿಕ್ಕಿತು, ಎಷ್ಟು ಸಿಕ್ಕಿತು ಎಂಬುದೇ ಕಥೆ. ಕೊಪ್ಪರಿಗೆಯ ಹೊನ್ನಿನ ಮಟ್ಟಿಗೆ ಅಷ್ಟು ಸಾಕು. ಆದರೆ ಆಟವೊಂದು ಹೊನ್ನಲ್ಲ, ಅದು ಒಂದು ಕೃತಿ. ಈ ಕಥೆಗಳನ್ನು ಎಷ್ಟೇ ಓದಿದರೂ ಆ ಕೃತಿ ಹೇಗಿತ್ತು ಎಂದು ಯಾರೂ ಹೇಳುವುದಿಲ್ಲ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಕಥೆ ನಡೆಯುವ ಜಾಗವನ್ನು ಮೊದಲು ನೋಡಬೇಕು. ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ 1902ರಲ್ಲಿ ಶುರುಮಾಡಿದ ಗುಡ್‌ವಿಲ್ ಸಂಸ್ಥೆ ಇಂಥ ಅಂಗಡಿಗಳ ಪೈಕಿ ಹೆಸರಾದದ್ದು. ಉಳ್ಳವರ ಮನೆಯ ಹಳೆಯ ಸಾಮಾನು ತಂದು, ಕೆಲಸವಿಲ್ಲದವರಿಂದ ಅದನ್ನು ದುರಸ್ತಿ ಮಾಡಿಸಿ, ಮಾರಿ, ಬಂದ ದುಡ್ಡಿನಲ್ಲಿ ಅವರಿಗೆ ದುಡಿಮೆ ಒದಗಿಸುವುದು ಅದರ ಮೂಲ ಯೋಜನೆ. 1999ರಿಂದ ಅದಕ್ಕೆ ಆನ್‌ಲೈನ್ ಹರಾಜುಕಟ್ಟೆಯೂ ಇದೆ. ದಾನ ಬಂದದ್ದನ್ನು ಹಿಂದಿನ ಕೋಣೆಯಲ್ಲಿ ವಿಂಗಡಿಸುತ್ತಾರೆ. ಬೆಲೆ ಬಾಳುತ್ತದೆ ಅನ್ನಿಸಿದ್ದು ಹರಾಜಿಗೆ, ಉಳಿದದ್ದು ಅಂಗಡಿಯ ಕಪಾಟಿಗೆ. ಒಂದೊಂದಾಗಿ ನೋಡಲು ಪುರುಸೊತ್ತಾಗದ್ದನ್ನು ಒಟ್ಟಿಗೆ ತುಂಬಿ 'ಮಿಸ್ಟರಿ ಬಾಕ್ಸ್' ಎಂದು ಹರಾಜಿಗಿಡುವುದೂ ಉಂಟು. ಮೇಲಿನಿಂದ ತೆಗೆದ ಒಂದೆರಡು ಫೋಟೋ, ಕೆಳಗೆ ಒಂದು ಸಾಲು: ಪರೀಕ್ಷಿಸಿಲ್ಲ, ಇದ್ದ ಹಾಗೆ ಮಾರಾಟಕ್ಕಿದೆ.

ಈ ಸಾಲು ನನಗೆ ಇಷ್ಟ. ಮಾರುವವನು ತಾನು ಓದಿಲ್ಲ ಎಂದು ಒಪ್ಪಿಕೊಂಡು ಮಾರುವ ಸರಕು ಲೋಕದಲ್ಲಿ ಹೆಚ್ಚಿಲ್ಲ. (ಪುಸ್ತಕಗಳ ಬೆನ್ನುಡಿ ಬರೆಯುವ ಕೆಲವರು ಇದನ್ನು ಅನುಸರಿಸಬಹುದು.) ಆದರೆ ಅದೇ ಸಾಲಿನ ಇನ್ನೊಂದು ಮುಖವನ್ನೂ ನೋಡಬೇಕು. ವಿಂಗಡಿಸುವವರ ಕೈ ದಾಟಿಯೇ ಪೆಟ್ಟಿಗೆ ಹರಾಜಿಗೆ ಬರುವುದರಿಂದ ಅಲ್ಲಿ ಮಾರಾಟವಾಗುತ್ತಿರುವುದು ಜಾಣನ ಕಣ್ಣು ತಪ್ಪಿದ್ದೇನಾದರೂ ಉಳಿದಿರಬಹುದು ಎಂಬ ಆಸೆ.

ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟರೆ ಈ ಪ್ರಕಾರ ಬೆಳೆದ ಬಗೆ ಗೊತ್ತಾಗುತ್ತದೆ. 2013ರಲ್ಲಿ ಉತ್ತರ ಕ್ಯಾರೊಲಿನಾದ ಗುಡ್‌ವಿಲ್ ಅಂಗಡಿಯೊಂದರಲ್ಲಿ ಗಿರಾಕಿಯೊಬ್ಬಳು 7.99 ಡಾಲರ್ ಕೊಟ್ಟು 'ಸ್ಟೇಡಿಯಂ ಈವೆಂಟ್ಸ್' ಎಂಬ ಆಟ ಕೊಂಡಳು. ಅದು ಮುಂದೆ ಸುಮಾರು 25 ಸಾವಿರ ಡಾಲರ್‌ಗೆ ಹರಾಜಾಯಿತು. 2021ರಲ್ಲಿ ಟೆಕ್ಸಸ್‌ನ ಗುಡ್‌ವಿಲ್ ಒಂದರಲ್ಲಿ ದಾನದ ಸಾಮಾನು ವಿಂಗಡಿಸುತ್ತಿದ್ದ ನೌಕರನೊಬ್ಬ ಅಟಾರಿ 2600 ಯಂತ್ರದ 'ಏರ್ ರೇಡ್' ಎಂಬ ಆಟವನ್ನು ಗುರುತು ಹಿಡಿದ. ಸಂಸ್ಥೆಯೇ ಅದನ್ನು ಹರಾಜು ಹಾಕಿ ಹತ್ತು ಸಾವಿರ ಡಾಲರ್‌ಗೂ ಮಿಕ್ಕಿ ಪಡೆಯಿತು. ಮೊದಲ ಕಥೆಯಲ್ಲಿ ಅಂಜನ ಇದ್ದದ್ದು ಗಿರಾಕಿಯ ಕಣ್ಣಿಗೆ, ಎರಡನೆಯದರಲ್ಲಿ ನೌಕರನ ಕಣ್ಣಿಗೆ. ಎಂಟು ವರ್ಷಗಳಲ್ಲಿ ತಿಳಿವಳಿಕೆ ಕೌಂಟರಿನ ಈಚೆಯಿಂದ ಆಚೆಗೆ ದಾಟಿದೆ. ನ್ಯಾಯದ ದೃಷ್ಟಿಯಿಂದ ಎರಡನೆಯದೇ ಮೇಲು, ದುಡ್ಡು ಸೇರಬೇಕಾದ ಕಡೆ ಸೇರಿತು. ಆದರೆ ಕಥೆಯಾಗಿ ಮೊದಲನೆಯದೇ ಹೆಚ್ಚು ಹಬ್ಬಿತು. ನಿಧಿ ಸಂಸ್ಥೆಗೆ ಸಿಕ್ಕರೆ ಕೇಳುವವರಿಗೆ ರುಚಿಸುವುದಿಲ್ಲ, ಬಡವಿಗೆ ಸಿಗಬೇಕು, ಎಂಟು ಡಾಲರ್‌ಗೇ ಸಿಗಬೇಕು.

ಈಗ ಆಟಗಳನ್ನು ನೋಡೋಣ. 'ಏರ್ ರೇಡ್' 1982ರದು, ಮೆನ್-ಎ-ವಿಷನ್ ಎಂಬ ಕಂಪನಿ ತಂದ ಒಂದೇ ಆಟ. ಟಿ ಆಕಾರದ ನೀಲಿ ಕ್ಯಾಸೆಟ್. (ಕಾರ್ಟ್ರಿಜ್ ಎನ್ನಬೇಕೇನೋ, ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಇದಕ್ಕೆ ಕ್ಯಾಸೆಟ್ ಎಂದೇ ಹೆಸರು, ನಾನು ಅದನ್ನೇ ಉಳಿಸಿಕೊಳ್ಳುತ್ತೇನೆ.) ಮೇಲಿನಿಂದ ಬರುವ ವಿಮಾನಗಳು ಕಟ್ಟಡಗಳ ಮೇಲೆ ಬಾಂಬು ಹಾಕುತ್ತವೆ, ಕೆಳಗಿನಿಂದ ನಾವು ಹೊಡೆದುರುಳಿಸಬೇಕು. ಆ ಕಾಲದಲ್ಲಿ ಇಂಥ ಆಟಗಳು ಬೇಕಾದಷ್ಟಿದ್ದವು. ಅವುಗಳ ನಡುವೆ ಇದನ್ನು ಎದ್ದು ಕಾಣಿಸುವ ಗುಣ ಯಾವುದೂ ನನಗೆ ಕಂಡಿಲ್ಲ. ಇದು ಅಪರೂಪವಾದದ್ದು ಯಾರೂ ಕೊಳ್ಳದ ಕಾರಣಕ್ಕೆ.

'ಸ್ಟೇಡಿಯಂ ಈವೆಂಟ್ಸ್' ಸಂಗತಿ ಇನ್ನೂ ಸ್ವಾರಸ್ಯದ್ದು, ಸಾಹಿತ್ಯದ ವಿದ್ಯಾರ್ಥಿಗಳಿಗೆ ಪಾಠವಾಗುವಂಥದು. ಜಪಾನಿನ ಬಂದಾಯ್ ಕಂಪನಿ 1987ರಲ್ಲಿ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ನೆಲದ ಮೇಲೆ ಹಾಸಿದ ಚಾಪೆಯನ್ನು ಕಾಲಿನಿಂದ ತುಳಿದರೆ ಪರದೆಯ ಮೇಲಿನ ಓಟಗಾರ ಓಡುತ್ತಾನೆ, ಹರ್ಡಲ್ಸ್ ದಾಟುತ್ತಾನೆ, ಉದ್ದ ಜಿಗಿಯುತ್ತಾನೆ. ಸೋಫಾದಲ್ಲಿ ಒರಗಿ ಆಡುವ ಕಾಲದಲ್ಲಿ ಆಡುವವರ ಮೈ ಬೆವರಿಸಿದ ಆಟ. ಅಷ್ಟರಲ್ಲಿ ನಿಂಟೆಂಡೋ ಆ ಚಾಪೆಯ ಹಕ್ಕನ್ನೇ ಕೊಂಡು 'ಪವರ್ ಪ್ಯಾಡ್' ಎಂದು ಹೆಸರು ಬದಲಿಸಿತು. ಆಟವೂ 1988ರಲ್ಲಿ 'ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್' ಆಗಿ ಮರುಹುಟ್ಟು ಪಡೆಯಿತು. ಹಳೆಯ ಹೆಸರಿನ ಪ್ರತಿಗಳು ಮಾರುಕಟ್ಟೆಯಿಂದ ಹಿಂದೆ ಹೋದವು, ಗಿರಾಕಿಗಳ ಕೈ ಸೇರಿದ್ದು ಇನ್ನೂರರಷ್ಟು ಮಾತ್ರ ಎಂಬುದು ಸಂಗ್ರಾಹಕರ ನಂಬಿಕೆ. ಹೊಸ ಹೆಸರಿನದೋ, ಮಾರಿಯೋ ಮತ್ತು 'ಡಕ್ ಹಂಟ್' ಜೊತೆ ಒಂದೇ ಕ್ಯಾಸೆಟ್ಟಿನಲ್ಲಿ ಸೇರಿ ಯಂತ್ರದ ಪೆಟ್ಟಿಗೆಯೊಳಗೇ ಮನೆಮನೆಗೆ ಹೋಯಿತು.

ಅಂದರೆ, ಅತಿ ಅಪರೂಪದ್ದೆಂದು ಹೆಸರಾದ ಆಟವೂ ಅಂಗಡಿಯ ಮೂಲೆಯಲ್ಲಿ ಕೆಲವೇ ಡಾಲರ್‌ಗೆ ಸಿಗುವ ಆಟವೂ ಮೂಲದಲ್ಲಿ ಒಂದೇ ಪಠ್ಯ. ಪುಸ್ತಕವೊಂದರ ಶೀರ್ಷಿಕೆ ಪುಟ ಹರಿದು, ಹೊಸ ಪ್ರಕಾಶಕರ ಹೆಸರಿನ ಪುಟ ಅಂಟಿಸಿದ ಹಾಗೆ. 25 ಸಾವಿರ ಡಾಲರ್ ಬಿದ್ದದ್ದು ಆ ಹರಿದ ಪುಟಕ್ಕೆ. ಇದನ್ನು ಹೇಳುವಾಗ ಸಾಹಿತ್ಯದವರು ತೀರಾ ಬೀಗಬೇಕಾಗಿಲ್ಲ. ಪ್ರಥಮ ಮುದ್ರಣಕ್ಕೂ ಲೇಖಕರ ರುಜುವಿಗೂ ನಾವೂ ಹೆಚ್ಚು ಬೆಲೆ ಕೊಡುತ್ತೇವೆ. ಸಂಗ್ರಾಹಕನಿಗೆ ಪುಸ್ತಕ ಓದುವ ಹಂಗು ಇಲ್ಲವೆಂಬ ತಮಾಷೆಯನ್ನು ವಾಲ್ಟರ್ ಬೆಂಜಮಿನ್ ತನ್ನ ಗ್ರಂಥಸಂಗ್ರಹದ ಬಗ್ಗೆ 1931ರಲ್ಲಿ ಬರೆದ ಪ್ರಬಂಧದಲ್ಲೇ ಮಾಡಿದ್ದಾನೆ. ಆದರೂ ಒಂದು ವ್ಯತ್ಯಾಸವಿದೆ. ಪ್ರಥಮ ಮುದ್ರಣ ಕೊಂಡವನು ಕಡೇಪಕ್ಷ ಅದನ್ನು ತೆರೆದು ನೋಡಬಹುದು.

ಬಿಚ್ಚದ ಆಟಗಳ ಮಾರುಕಟ್ಟೆಯಲ್ಲಿ ಅದೂ ಇಲ್ಲ. 2021ರ ಜುಲೈನಲ್ಲಿ 'ಸೂಪರ್ ಮಾರಿಯೋ 64' ಆಟದ ಸೀಲು ಒಡೆಯದ ಪ್ರತಿಯೊಂದು 15 ಲಕ್ಷ 60 ಸಾವಿರ ಡಾಲರ್‌ಗೆ ಹರಾಜಾಯಿತು. ಇದು ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ. ಅಪರೂಪವಾಗಿದ್ದದ್ದು ಸುತ್ತಿದ ಪ್ಲಾಸ್ಟಿಕ್ ಹಾಳೆ. ಅದೇ ವರ್ಷದ ಏಪ್ರಿಲ್‌ನಲ್ಲಿ 6 ಲಕ್ಷ 60 ಸಾವಿರ ಡಾಲರ್ ತಂದ 'ಸೂಪರ್ ಮಾರಿಯೋ ಬ್ರದರ್ಸ್' ಪ್ರತಿ 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡದ್ದು. ಮೇಜಿನ ಡ್ರಾಯರ್ ಸೇರಿ ಅಲ್ಲೇ ಮರೆತುಹೋಗಿತ್ತು. ಉಡುಗೊರೆ ತಲುಪಬೇಕಾದವರಿಗೆ ತಲುಪದೆ ಹೋದದ್ದಕ್ಕೇ ಆ ಬೆಲೆ. ಇಂಥ ಪ್ರತಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಪೆಟ್ಟಿಗೆಯ ಅಂಚಿಗೂ ಸೀಲಿಗೂ ಅಂಕ ಕೊಟ್ಟು ಭದ್ರ ಮಾಡುತ್ತಾರೆ. ಅಜ್ಜಿಕಥೆಯ ನಿಧಿ ಕಾಯುವ ಸರ್ಪವೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಮಿಸ್ಟರಿ ಬಾಕ್ಸಿನ ಮೇಲೆ ನನಗೆ ಮೃದು ಭಾವನೆ ಇರುವುದು ಈ ಕಾರಣಕ್ಕೆ. ಸೀಲಾದ ಆಟವನ್ನು ಬಿಚ್ಚದೇ ಇರಲು ಕೊಳ್ಳುತ್ತಾರೆ, ದತ್ತಿಯ ಪೆಟ್ಟಿಗೆಯನ್ನು ಬಿಚ್ಚಲೆಂದೇ ಕೊಳ್ಳುತ್ತಾರೆ. ನೂರಕ್ಕೆ ತೊಂಬತ್ತು ಸಲ ಒಳಗೆ ಫುಟ್‌ಬಾಲ್ ಆಟಗಳ ಹಳೆಯ ಕಂತುಗಳು, ತುಂಡಾದ ವೈರು, ಯಾವುದೋ ಯಂತ್ರದ ಅಡಾಪ್ಟರು ಇರುತ್ತವೆ ಎಂದು ಬಿಚ್ಚುವವರಿಗೂ ಗೊತ್ತು. ಆದರೂ ಯಾರೋ ಮುಟ್ಟುತ್ತಾರೆ, ಧೂಳು ಒರೆಸುತ್ತಾರೆ, ಟಿವಿಗೆ ಸಿಕ್ಕಿಸಿ ನೋಡುತ್ತಾರೆ. ಇದು ಸಣ್ಣ ಕೆಲಸವಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗುವುದಿಲ್ಲ. ಇಂಥ ಆಟಗಳನ್ನು ಸಂಶೋಧಕರು ದೂರದಿಂದಲೇ ಆಡಿ ನೋಡುವಂತೆ ಗ್ರಂಥಾಲಯಗಳಿಗೆ ಅವಕಾಶ ಕೊಡಿ ಎಂಬ ಕೋರಿಕೆಯನ್ನು 2024ರಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ತಳ್ಳಿಹಾಕಿತು. ಕಾನೂನಿನ ದಾರಿಯಲ್ಲೇ ಹಳೆಯ ಆಟವನ್ನು ಆಡಿ ಅದರ ಬಗ್ಗೆ ಬರೆಯಬೇಕೆಂದರೆ, ಬಹುಪಾಲು ಆಟಗಳಿಗೆ ಉಳಿದಿರುವುದು ಹಳೆಯ ಕ್ಯಾಸೆಟ್ ಒಂದೇ. ಹಾಗಾಗಿ ನಿಧಿಕಥೆ ಓದಿ ಎಲ್ಲರೂ ಅಂಜನ ಹಾಕಿಕೊಂಡು, ಒಳ್ಳೆಯದೆಲ್ಲ ಡಬ್ಬಿಯೊಳಗೆ ಸೇರಿದರೆ, ಕಳೆದುಹೋಗುವುದು ಸಂಗ್ರಾಹಕರ ವಸ್ತುವಷ್ಟೇ ಅಲ್ಲ, ವಿಮರ್ಶಕರ ಪಠ್ಯ ಕೂಡ.

ನಮ್ಮ ಅನುಭವ ಇದಕ್ಕೆ ತಿರುವುಮುರುವು. ತೊಂಬತ್ತರ ದಶಕದಲ್ಲಿ ಇಲ್ಲಿನ ಟಿವಿಗಳಿಗೆ ಸಿಕ್ಕಿಸಿದ ನಕಲಿ ಯಂತ್ರಗಳ ಜೊತೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ ಒಳಗೆ ಸಾವಿರಗಟ್ಟಲೆ ಆಟಗಳಿವೆ ಎಂದು ಬರೆದಿರುತ್ತಿತ್ತು. ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಮರಳಿ ಮರಳಿ ಬರುತ್ತಿದ್ದವು. ಪೆಟ್ಟಿಗೆ ಇಲ್ಲ, ಕೈಪಿಡಿ ಇಲ್ಲ, ಅಪರೂಪ ಎಂಬ ಮಾತಿಗೇ ಜಾಗವಿಲ್ಲ. ಆದರೆ ಅವನ್ನು ಆಡಿ ಸವೆಸಿದ ಮಕ್ಕಳು ಆ ಆಟಗಳ ಒಂದೊಂದು ಹೊಂಡವನ್ನೂ ಬಲ್ಲರು. ಸೀಲು ಒಡೆಯದ ಪ್ರತಿಗೆ ಲಕ್ಷಗಟ್ಟಲೆ ಕೊಟ್ಟವರಿಗಿಂತ ಇವರು ಒಳ್ಳೆಯ ಓದುಗರು ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ.

ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳಲ್ಲಿ ಹಿಂದಿನ ಓದುಗರ ಹೆಸರು, ಪೆನ್ಸಿಲ್ ಗೆರೆ, ಬಸ್ ಟಿಕೆಟ್ ಸಿಗುವಂತೆ ಹಳೆಯ ಕ್ಯಾಸೆಟ್ಟುಗಳಲ್ಲೂ ಸಿಗುತ್ತವೆ. ಲೇಬಲ್ಲಿನ ಮೇಲೆ ಮಾರ್ಕರಿನಲ್ಲಿ ಬರೆದ ಮಗುವಿನ ಹೆಸರನ್ನು ಮಾರುವವರು ಕಲೆ ಎಂದು ನಮೂದಿಸಿ ಬೆಲೆ ಇಳಿಸುತ್ತಾರೆ. ಒಳಗಿನ ಗುರುತು ಇನ್ನೂ ನಾಜೂಕಿನದು. 1987ರಲ್ಲಿ ಅಮೆರಿಕಕ್ಕೆ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟದ ಬಂಗಾರದ ಬಣ್ಣದ ಕ್ಯಾಸೆಟ್ಟಿನಲ್ಲಿ ನಾಣ್ಯದಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ಆಡುವವರು ಎಂಟು ಅಕ್ಷರದೊಳಗೆ ತಮ್ಮ ಹೆಸರು ದಾಖಲಿಸಬೇಕು. ಮೂವರಿಗೆ ಜಾಗ: ಅಣ್ಣ, ತಂಗಿ, ಪಕ್ಕದ ಮನೆಯ ಹುಡುಗ ಇರಬಹುದು. ಎಲ್ಲಿಯವರೆಗೆ ತಲುಪಿದರು, ಎಷ್ಟು ಸಲ ಸತ್ತರು ಎಂಬ ಲೆಕ್ಕವೂ ಹೆಸರಿನ ಜೊತೆ ಉಳಿದಿರುತ್ತದೆ. ಬ್ಯಾಟರಿ ಜೀವಂತವಿದ್ದರೆ ಹರಾಜಿನಲ್ಲಿ ಬಂದ ಕ್ಯಾಸೆಟ್ ಸಿಕ್ಕಿಸಿದಾಗ ಮೊದಲು ಕಾಣುವುದು ಆ ಹೆಸರುಗಳೇ. ಅವನ್ನು ಮೊದಲೇ ನಕಲು ಮಾಡಿಕೊಳ್ಳುವ ಸಾಧನಗಳಿವೆ, ಕೆಲವರು ಮಾಡಿಕೊಳ್ಳುತ್ತಾರೆ. ಹೆಚ್ಚಿನವರು ಹಳೆಯ ಬ್ಯಾಟರಿ ಕಿತ್ತು ಹೊಸದನ್ನು ಬೆಸೆದು ಮರುಮಾರಾಟಕ್ಕಿಡುತ್ತಾರೆ. ಕಿತ್ತ ಗಳಿಗೆಗೆ ಮೂರೂ ಹೆಸರು ಅಳಿಸಿಹೋಗುತ್ತವೆ. ಮಾರಾಟದ ವಿವರಣೆಯಲ್ಲಿ ಅದು ಬೆಲೆ ಏರಿಸುವ ಗುಣವಾಗಿ ಬರುತ್ತದೆ: ಶುಚಿಗೊಳಿಸಿದೆ, ಪರೀಕ್ಷಿಸಿದೆ, ಹೊಸ ಬ್ಯಾಟರಿ ಹಾಕಿದೆ.