ಏಳು ದಿನದ ಶಿಬಿರ ಮುಗಿದ ಮೇಲೆ

ದಾವಣಗೆರೆ, ಹರಿಹರದ ಕಾಲೇಜುಗಳಲ್ಲಿ ಹದಿಹರೆಯದವರ ಸಮಾಜಸೇವೆ ಎಂದೊಡನೆ ನೆನಪಾಗುವುದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್. ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಈ ಯೋಜನೆ ಪದವಿ ವಿದ್ಯಾರ್ಥಿಯಿಂದ ಕೇಳುವುದು ಎರಡು ವರ್ಷದಲ್ಲಿ 240 ಗಂಟೆಯ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಹಳ್ಳಿಯ ಶಾಲೆಯಲ್ಲಿ ಮಲಗಿ, ಬೆಳಿಗ್ಗೆ ಶ್ರಮದಾನ ಮಾಡಿ, ರಾತ್ರಿ ಊರವರ ಮುಂದೆ ಹಾಡಿ ಕುಣಿಯುವ ಆ ವಾರ ಪೇಟೆಯ ಮಕ್ಕಳಿಗೆ ಬೇರೆಲ್ಲೂ ಸಿಗದು. ಅದನ್ನು ಹಗುರಾಗಿ ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೊರತೆ ಶುರುವಾಗುವುದು ಎಂಟನೆಯ ದಿನ. ಹೂಳು ತೆಗೆದ ಚರಂಡಿ ಮತ್ತೆ ಕಟ್ಟಿಕೊಂಡರೆ ಕೇಳುವವರು ಯಾರು? ಪರಿಸರ ದಿನವಾದ ಜೂನ್ 5ರಂದು ಫೋಟೋ ತೆಗೆಸಿಕೊಂಡು ನೆಟ್ಟ ಸಸಿಗೆ ನಿಜವಾಗಿ ನೀರು ಬೇಕಾಗುವುದು ಮಾರ್ಚ್‌ನ ಬಿಸಿಲಿನಲ್ಲಿ. ಆಗ ನೆಟ್ಟವರು ಪರೀಕ್ಷೆಗೆ ಕೂತಿರುತ್ತಾರೆ. ದಿನಚರಿ ಪುಸ್ತಕದಲ್ಲಿ ಗಂಟೆ ತುಂಬಿರುತ್ತದೆ, ಸಸಿ ಒಣಗಿರುತ್ತದೆ. ಗಂಟೆ ಎಣಿಸುವ ಕ್ರಮ ಹುಡುಗರಿಗೆ ಕೆಲಸ ಕೊಡುತ್ತದೆಯೇ ಹೊರತು ಹೊಣೆ ಕೊಡುವುದಿಲ್ಲ.

ಹೊಣೆ ಕೊಡುವ ಕ್ರಮವೂ ಇದೇ ಸೀಮೆಯಲ್ಲಿದೆ. ಸ್ಕೌಟ್ ಮುಖಂಡ ಕೊಂಡಜ್ಜಿ ಬಸಪ್ಪನವರ ಹೆಸರಿನೊಂದಿಗೆ ಬೆಸೆದುಕೊಂಡ ಕೊಂಡಜ್ಜಿ ಗ್ರಾಮದ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಅಲ್ಲಿನ ಕೆರೆಯ ಪಕ್ಕದಲ್ಲೇ ಇದೆ. ಸ್ಕೌಟಿಂಗ್‌ನ ಜೀವಾಳ ಪೆಟ್ರೋಲ್ ಪದ್ಧತಿ: ಆರರಿಂದ ಎಂಟು ಮಕ್ಕಳ ಗುಂಪು, ಅವರಲ್ಲೇ ಒಬ್ಬ ನಾಯಕ. ಟೆಂಟ್ ಸರಿಯಾಗಿ ಕಟ್ಟದಿದ್ದರೆ ನೆನೆಯುವವರು ಅವರೇ, ಅನ್ನ ಸೀದರೆ ಉಣ್ಣುವವರೂ ಅವರೇ. ಎನ್‌ಎಸ್‌ಎಸ್ ಘಟಕದಲ್ಲಾದರೋ ಸಾಮಾನ್ಯವಾಗಿ ನೂರು ಸ್ವಯಂಸೇವಕರಿಗೆ ಒಬ್ಬ ಕಾರ್ಯಕ್ರಮಾಧಿಕಾರಿ. ಅವರೂ ಪಾಠ ಮಾಡುತ್ತಲೇ ಇದನ್ನು ನೋಡಿಕೊಳ್ಳಬೇಕು. ಅಷ್ಟು ಜನರ ನಡುವೆ ಒಬ್ಬ ಹುಡುಗಿ ಬಾರದಿದ್ದರೆ ಕೆಲಸವೇನೂ ನಿಲ್ಲುವುದಿಲ್ಲ, ಅದು ಅವಳಿಗೂ ಗೊತ್ತು. ಸ್ಕೌಟಿಂಗ್‌ಗೂ ಬ್ಯಾಡ್ಜಿನ ಮೋಹವಿದೆ, ನಿಜ. ಆದರೂ ನೂರರ ಘಟಕವನ್ನು ಎಂಟೆಂಟರ ಗುಂಪು ಮಾಡಿ, ಕಿರಿಯರನ್ನೂ ಹಿರಿಯರನ್ನೂ ಬೆರೆಸಿ, ಒಂದೊಂದು ಗುಂಪಿಗೆ ವರ್ಷವಿಡೀ ಒಂದೇ ಜಾಗ ವಹಿಸಿದರೆ, ಹಿರಿಯರು ಪರೀಕ್ಷೆಗೆ ಹೋದಾಗ ಸಸಿಗೆ ನೀರು ಹಾಕಲು ಕಿರಿಯರಿರುತ್ತಾರೆ.

ಪರೀಕ್ಷೆ, ಅಂಕ ಎಂದು ಓಡುವ ಮಕ್ಕಳಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ತಂದೆತಾಯಿ ಕೇಳುತ್ತಾರೆ. ವಿದ್ಯಾನಗರಿ ಎನಿಸಿಕೊಂಡ ದಾವಣಗೆರೆಯಲ್ಲಿ ಆ ಆತಂಕ ಸುಳ್ಳಲ್ಲ. ಆದರೆ ವರ್ಷಕ್ಕೆ 120 ಗಂಟೆ ಎಂದರೆ ವಾರಕ್ಕೆ ಎರಡು ಗಂಟೆ ಚಿಲ್ಲರೆ. ಗುಂಪಿನಲ್ಲಿ ಹಂಚಿಕೊಂಡರೆ ಪರೀಕ್ಷೆಯ ತಿಂಗಳಲ್ಲಿ ಅಷ್ಟೂ ಬೇಡ. ಕಡ್ಡಾಯ ಮಾಡಿದರೆ ಆಯಿತು ಎನ್ನುವವರು ಕೆನಡಾದ ಒಂಟಾರಿಯೊದತ್ತ ಕೈ ತೋರಬಹುದು. ಅಲ್ಲಿ ಪ್ರೌಢಶಾಲೆ ಮುಗಿಸಲು 40 ಗಂಟೆಯ ಸೇವೆ ಆಗಲೇಬೇಕು. ಆದರೆ ಒತ್ತಾಯಕ್ಕೆ ದುಡಿದೆವು ಎನಿಸಿದ ವಿದ್ಯಾರ್ಥಿಗಳಲ್ಲಿ ಮುಂದೆ ಸೇವೆ ಮಾಡುವ ಮನಸ್ಸೇ ಕುಗ್ಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು 1999ರಲ್ಲೇ ತೋರಿಸಿದ್ದಾರೆ. ಪುರುಸೊತ್ತಿನ ಮಾತಿಗಿಂತ ತೂಕದ ಆಕ್ಷೇಪ ಇನ್ನೊಂದಿದೆ: ಹರಿಹರದ ತುಂಗಭದ್ರೆಯ ದಂಡೆ ಗುಡಿಸುವುದು ನಗರಸಭೆಯ ಕೆಲಸ, ಅದನ್ನು ಮಕ್ಕಳಿಂದ ಬಿಟ್ಟಿ ಮಾಡಿಸುವುದೇಕೆ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಪೌರಕಾರ್ಮಿಕರ ಸಂಬಳದ ಕೆಲಸಕ್ಕೆ ವಿದ್ಯಾರ್ಥಿಗಳು ಬದಲಿಯಾಗಬಾರದು. ನದಿಗೆ ಯಾವ ಮೋರಿಯ ನೀರು ಎಲ್ಲಿ ಸೇರುತ್ತಿದೆ ಎಂದು ತಿಂಗಳು ತಿಂಗಳು ಬರೆದಿಟ್ಟು ನಗರಸಭೆಯ ಮುಂದಿಡುವುದು, ಸರ್ಕಾರಿ ಶಾಲೆಯಲ್ಲಿ ಓದಲು ತಡವರಿಸುವ ಮೂರನೆಯ ಕ್ಲಾಸಿನ ಮಗುವಿನ ಪಕ್ಕ ಕೂತು ಓದಿಸುವುದು, ಪಿಂಚಣಿ ಅರ್ಜಿ ಹಿಡಿದು ಅಲೆಯುವ ಅಜ್ಜಿಗೆ ಅದನ್ನು ತುಂಬಿಕೊಡುವುದು: ಇಂಥವು ಯಾರ ಕೂಲಿಯನ್ನೂ ಕಸಿಯುವುದಿಲ್ಲ. ಆ ಮಗು ಮುಂದಿನ ವಾರವೂ ಅದೇ ಅಕ್ಕನ ದಾರಿ ಕಾಯುತ್ತದೆ; ಹೋಗಲು ಅವಳಿಗೆ ಪ್ರಮಾಣಪತ್ರದ ಆಸೆ ಬೇಕಾಗುವುದಿಲ್ಲ.